ಉನ್ನತ ಶಿಕ್ಷಣದಲ್ಲಿ ಸಂಯೋಜಿತ ಕಾಲೇಜಿನ ಸ್ಥಾನ

ಉನ್ನತ ಶಿಕ್ಷಣವೆಂದೊಡನೆ ಜನಮನದಲ್ಲಿ ಮೂಡುವ ಚಿತ್ರ ವಿಶ್ವವಿದ್ಯಾನಿಲಯದ್ದು. ವಿಶಾಲವಾದ ಆವರಣ, ತುಂಬಿದ ಗ್ರಂಥಭಂಡಾರ, ಸಂಶೋಧನೆಯಲ್ಲಿ ತೊಡಗಿದ ವಿದ್ವಾಂಸರು, ವರ್ಷಕ್ಕೊಮ್ಮೆ ನಡೆಯುವ ಘಟಿಕೋತ್ಸವ, ಇವೆಲ್ಲ ಆ ಚಿತ್ರದ ಅಂಗಗಳು. ಆದರೆ ಕರ್ನಾಟಕದಲ್ಲಿ ಪದವಿಗಾಗಿ ಓದುತ್ತಿರುವವರಲ್ಲಿ ಬಹುಸಂಖ್ಯಾತರು ಇಂಥ ಆವರಣದೊಳಗೆ ಕಾಲಿಡುವುದೇ ಇಲ್ಲ. ಅವರು ಓದುವುದು ತಾಲ್ಲೂಕು ಕೇಂದ್ರದ ಅಥವಾ ನಗರದ ಬಡಾವಣೆಯೊಂದರ ಪ್ರಥಮ ದರ್ಜೆ ಕಾಲೇಜಿನಲ್ಲಿ. ವಿಶ್ವವಿದ್ಯಾನಿಲಯವು ಅವರ ಪಾಲಿಗೆ ಅಂಕಪಟ್ಟಿಯ ಮೇಲಿನ ಮುದ್ರೆಯಾಗಿ ಮಾತ್ರ ಗೋಚರಿಸುತ್ತದೆ. ಆದುದರಿಂದ ಉನ್ನತ ಶಿಕ್ಷಣದ ಸಮಸ್ಯೆಗಳನ್ನೂ ಅದರ ನೀತಿಯ ದಾರಿಯನ್ನೂ ಅರಿಯಬೇಕಾದರೆ, ಈ ಸಂಯೋಜಿತ ಕಾಲೇಜು ಎಲ್ಲಿಂದ ಬಂದಿತು, ಅಲ್ಲಿ ನಡೆಯುವುದೇನು, ಅದಕ್ಕೆ ಏನು ಬೇಕಾಗಿದೆ ಎಂಬುದನ್ನು ಮೊದಲು ಪರಿಶೀಲಿಸುವುದು ಅವಶ್ಯ.

ಸಂಯೋಜನ ಪದ್ಧತಿಯ ಉಗಮ

ವಿಶ್ವವಿದ್ಯಾನಿಲಯವೊಂದು ತಾನು ಬೋಧಿಸದೆ, ಬೇರೆಡೆ ಬೋಧನೆ ಪಡೆದವರನ್ನು ಪರೀಕ್ಷಿಸಿ ಪದವಿ ನೀಡುವ ಪದ್ಧತಿ ಭಾರತಕ್ಕೆ ಬಂದದ್ದು ಇಂಗ್ಲೆಂಡಿನಿಂದ. 1836ರಲ್ಲಿ ಸನ್ನದು ಪಡೆದ ಲಂಡನ್ ವಿಶ್ವವಿದ್ಯಾನಿಲಯವು ಆರಂಭದಲ್ಲಿ ಕೇವಲ ಪರೀಕ್ಷಾ ಸಂಸ್ಥೆಯಾಗಿತ್ತು. ಬೋಧನೆಯ ಹೊಣೆ ಅದಕ್ಕೆ ಸೇರಿದ ಕಾಲೇಜುಗಳದ್ದಾಗಿತ್ತು. 1854ರಲ್ಲಿ ಹೊರಟ ವುಡ್ಡನ ಶಿಕ್ಷಣ ನಿರೂಪವು ಇದೇ ಮಾದರಿಯನ್ನು ಭಾರತಕ್ಕೆ ಸೂಚಿಸಿತು. ಅದರಂತೆ 1857ರಲ್ಲಿ ಕಲ್ಕತ್ತ, ಮುಂಬಯಿ ಮತ್ತು ಮದರಾಸುಗಳಲ್ಲಿ ಮೂರು ವಿಶ್ವವಿದ್ಯಾನಿಲಯಗಳು ಸ್ಥಾಪಿತವಾದವು. ವಿಸ್ತಾರವಾದ ಪ್ರಾಂತಗಳಲ್ಲಿ ಚದುರಿಹೋಗಿದ್ದ ಕಾಲೇಜುಗಳಿಗೆ ಒಂದೇ ಮಟ್ಟದ ಪರೀಕ್ಷೆಯನ್ನು ಏರ್ಪಡಿಸಲು ಈ ವ್ಯವಸ್ಥೆ ಅನುಕೂಲವಾಗಿತ್ತು, ವೆಚ್ಚವೂ ಅಲ್ಪವಾಗಿತ್ತು. ಸರ್ಕಾರಿ ಉದ್ಯೋಗಕ್ಕೆ ಬೇಕಾದ ವಿದ್ಯಾವಂತರನ್ನು ಗುರುತಿಸುವ ಸಾಧನವಾಗಿಯೂ ಅದು ಒದಗಿತು.

ಈ ಪದ್ಧತಿಯ ದೋಷ ಬಹುಬೇಗ ಅನುಭವಕ್ಕೆ ಬಂದಿತು. ಬೋಧಿಸುವವನೊಬ್ಬ, ಪಠ್ಯವನ್ನು ಗೊತ್ತುಪಡಿಸುವವನು ಇನ್ನೊಬ್ಬ, ಪರೀಕ್ಷಿಸುವವನು ಮತ್ತೊಬ್ಬ ಎಂದಾದಾಗ ವಿದ್ಯೆಯ ಅಖಂಡತೆಗೆ ಭಂಗ ಬರುವುದು ಸಹಜ. 1904ರ ಭಾರತೀಯ ವಿಶ್ವವಿದ್ಯಾನಿಲಯಗಳ ಕಾಯಿದೆಯು ಸಂಯೋಜನೆಯ ನಿಯಮಗಳನ್ನು ಬಿಗಿಗೊಳಿಸಿ, ವಿಶ್ವವಿದ್ಯಾನಿಲಯಗಳು ತಾವೇ ಬೋಧಿಸುವುದಕ್ಕೆ ಅವಕಾಶ ಕಲ್ಪಿಸಿತು. 1917ರಲ್ಲಿ ನೇಮಕವಾದ ಕಲ್ಕತ್ತ ವಿಶ್ವವಿದ್ಯಾನಿಲಯ ಆಯೋಗವು ಬೋಧನೆ ಮತ್ತು ವಸತಿಗಳೆರಡೂ ಒಂದೆಡೆ ಇರುವ ವಿಶ್ವವಿದ್ಯಾನಿಲಯಗಳನ್ನು ಶಿಫಾರಸು ಮಾಡಿತು. ಲಖನೌ ಮತ್ತು ಢಾಕಾ ವಿಶ್ವವಿದ್ಯಾನಿಲಯಗಳು ಆ ದಶಕದ ವಿಚಾರಧಾರೆಯ ಫಲಗಳು. ಆದರೂ ಸಂಯೋಜನ ಪದ್ಧತಿ ಅಳಿಯಲಿಲ್ಲ. ಕಾಲೇಜುಗಳ ಸಂಖ್ಯೆ ಬೆಳೆದಂತೆಲ್ಲ ಅದೂ ಬೆಳೆಯಿತು. ಒಂದೂವರೆ ಶತಮಾನಕ್ಕೂ ಮಿಕ್ಕ ಕಾಲದ ಬಳಿಕ ಇಂದಿಗೂ ಅದೇ ದೇಶದ ಉನ್ನತ ಶಿಕ್ಷಣದ ಬೆನ್ನೆಲುಬಾಗಿದೆ.

ಕನ್ನಡನಾಡಿನಲ್ಲಿ ಅದರ ಬೆಳವಣಿಗೆ

ಏಕೀಕರಣಕ್ಕೆ ಮೊದಲು ಕನ್ನಡನಾಡು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದಂತೆಯೇ ಕನ್ನಡ ವಿದ್ಯಾರ್ಥಿಗಳೂ ಹಲವು ವಿಶ್ವವಿದ್ಯಾನಿಲಯಗಳಲ್ಲಿ ಹಂಚಿಹೋಗಿದ್ದರು. ಧಾರವಾಡ, ಬೆಳಗಾವಿಗಳವರಿಗೆ ಮುಂಬಯಿ. ಮಂಗಳೂರು, ಬಳ್ಳಾರಿಗಳವರಿಗೆ ಮದರಾಸು. ಕಲಬುರಗಿ, ರಾಯಚೂರು, ಬೀದರಗಳವರಿಗೆ 1918ರಲ್ಲಿ ಹೈದರಾಬಾದಿನಲ್ಲಿ ಆರಂಭವಾದ ಉಸ್ಮಾನಿಯಾ. ಅಲ್ಲಿ ಬೋಧನಭಾಷೆ ಉರ್ದು. ಮೈಸೂರು ಸಂಸ್ಥಾನದಲ್ಲಿ ಮಾತ್ರ 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ, ದಿವಾನ ಸರ್ ಎಂ. ವಿಶ್ವೇಶ್ವರಯ್ಯನವರ ಪ್ರಯತ್ನದಿಂದ ಸ್ವಂತ ವಿಶ್ವವಿದ್ಯಾನಿಲಯವೊಂದು ಉದಯಿಸಿತು. ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದ ಮೈಸೂರಿನ ಮಹಾರಾಜಾ ಕಾಲೇಜು ಮತ್ತು ಬೆಂಗಳೂರಿನ ಸೆಂಟ್ರಲ್ ಕಾಲೇಜುಗಳು ಅದರ ಅಂಗಗಳಾದವು. ಕೆಲವೇ ಕಾಲೇಜುಗಳಿದ್ದ ಆ ದಿನಗಳಲ್ಲಿ ಪಠ್ಯವನ್ನು ನಿರ್ಣಯಿಸುತ್ತಿದ್ದವರೂ ಬೋಧಿಸುತ್ತಿದ್ದವರೂ ಬಹುಮಟ್ಟಿಗೆ ಅದೇ ವಿದ್ವಾಂಸರು. ಆ ಕಾಲದ ಮೈಸೂರಿನ ಕೀರ್ತಿಗೆ ಈ ಏಕತೆಯೂ ಒಂದು ಕಾರಣ.

ಕರ್ನಾಟಕ ವಿಶ್ವವಿದ್ಯಾನಿಲಯವು 1949ರಲ್ಲಿ ಮುಂಬಯಿಯಲ್ಲಿ ಆರಂಭವಾಗಿ ಮರುವರ್ಷ ಧಾರವಾಡಕ್ಕೆ ಬಂದಿತು. 1964ರಲ್ಲಿ ಬೆಂಗಳೂರು, 1980ರಲ್ಲಿ ಗುಲಬರ್ಗಾ ಮತ್ತು ಮಂಗಳೂರು, 1987ರಲ್ಲಿ ಕುವೆಂಪು, 2010ರಲ್ಲಿ ರಾಣಿ ಚೆನ್ನಮ್ಮ ವಿಶ್ವವಿದ್ಯಾನಿಲಯಗಳು ಸ್ಥಾಪನೆಗೊಂಡವು. 1996ರಲ್ಲಿ ವೈದ್ಯಕೀಯಕ್ಕೆ ರಾಜೀವ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯ, 1998ರಲ್ಲಿ ತಾಂತ್ರಿಕ ಶಿಕ್ಷಣಕ್ಕೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯ ಪ್ರತ್ಯೇಕವಾಗಿ ರೂಪುಗೊಂಡವು. ಪ್ರತಿ ಸಂದರ್ಭದಲ್ಲಿಯೂ ಬಹುಮಟ್ಟಿಗೆ ನಡೆದದ್ದು ಒಂದೇ: ಒಂದು ವಿಶ್ವವಿದ್ಯಾನಿಲಯಕ್ಕೆ ಕಾಲೇಜುಗಳ ಭಾರ ಹೆಚ್ಚಾದಾಗ ಅದನ್ನು ಇನ್ನೊಂದಕ್ಕೆ ಹಂಚಿಕೊಡುವುದು. ಭಾರವೇನೋ ಹಂಚಿಹೋಯಿತು, ಕಾಲೇಜಿಗೂ ವಿಶ್ವವಿದ್ಯಾನಿಲಯಕ್ಕೂ ಇರುವ ಸಂಬಂಧದ ಸ್ವರೂಪ ಬದಲಾಗಲಿಲ್ಲ.

ಸಮಾಜದ ಕೊಡುಗೆ

ಈ ಕಾಲೇಜುಗಳನ್ನು ಕಟ್ಟಿದವರಾರು ಎಂಬುದು ವಿಚಾರಯೋಗ್ಯವಾದ ಪ್ರಶ್ನೆ. ಸರ್ಕಾರದ ಕೈ ತಲುಪದಿದ್ದ ಕಡೆಗಳಲ್ಲಿ ಮಠಗಳೂ ವಿದ್ಯಾವರ್ಧಕ ಸಂಘಗಳೂ ಕ್ರೈಸ್ತ ಮಿಶನರಿಗಳೂ ಊರಿನ ದಾನಿಗಳೂ ಮುಂದೆ ಬಂದರು. ಬಾಗಿಲಕೋಟೆಯ ಬಸವೇಶ್ವರ ವಿದ್ಯಾವರ್ಧಕ ಸಂಘ 1906ರಲ್ಲಿಯೂ, ವಿಜಾಪುರದ ಬಿ.ಎಲ್.ಡಿ.ಇ. ಸಂಸ್ಥೆ 1910ರಲ್ಲಿಯೂ ಹುಟ್ಟಿದವು. 1916ರಲ್ಲಿ ಏಳು ಮಂದಿ ಅಧ್ಯಾಪಕರು ಬೆಳಗಾವಿಯಲ್ಲಿ ಆರಂಭಿಸಿದ ಕೆ.ಎಲ್.ಇ. ಸಂಸ್ಥೆ 1933ರಲ್ಲಿ ಲಿಂಗರಾಜ ಕಾಲೇಜನ್ನು ಸ್ಥಾಪಿಸಿತು. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜು 1880ರಷ್ಟು ಹಳೆಯದು. 1954ರಲ್ಲಿ ಸುತ್ತೂರು ಮಠದ ಆಶ್ರಯದಲ್ಲಿ ಜೆ.ಎಸ್.ಎಸ್. ಮಹಾವಿದ್ಯಾಪೀಠವು, 1958ರಲ್ಲಿ ಕಲಬುರಗಿಯಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯು ತಲೆಯೆತ್ತಿದವು. ಧಾರವಾಡದ ಮುರುಘಾಮಠದ ಪ್ರಸಾದನಿಲಯ, ತುಮಕೂರು ಸಮೀಪದ ಸಿದ್ಧಗಂಗೆಯ ವಿದ್ಯಾರ್ಥಿನಿಲಯ ಮೊದಲಾದವು ಅನ್ನ ವಸತಿಗಳನ್ನು ಒದಗಿಸಿದುದರಿಂದ ಬಡ ರೈತನ ಮಗನಿಗೆ ಕಾಲೇಜಿನ ಬಾಗಿಲು ತೆರೆಯಿತು. ಶುಲ್ಕ ಎಷ್ಟೇ ಕಡಿಮೆಯಿದ್ದರೂ ಊರಿನಿಂದ ದೂರದಲ್ಲಿ ಊಟವಿಲ್ಲದೆ ವಿದ್ಯೆಯಿಲ್ಲವೆಂಬ ಸತ್ಯವನ್ನು ಆ ತಲೆಮಾರಿನ ಮಠಾಧಿಪತಿಗಳು ಯಾವ ಆಯೋಗದ ವರದಿಯನ್ನೂ ಓದದೆ ಅರಿತಿದ್ದರು.

ಸ್ವಾತಂತ್ರ್ಯಾನಂತರ ಖಾಸಗಿ ಆಡಳಿತದ ಕಾಲೇಜುಗಳ ಅಧ್ಯಾಪಕರಿಗೆ ಸರ್ಕಾರವು ಅನುದಾನದ ಮೂಲಕ ವೇತನ ನೀಡತೊಡಗಿತು. ಸಮಾಜದ ಕಟ್ಟಡ, ಸರ್ಕಾರದ ವೇತನ ಎಂಬ ಈ ಸಹಯೋಗ ಹಲವು ದಶಕಗಳ ಕಾಲ ನಾಡಿಗೆ ಒಳಿತನ್ನು ಮಾಡಿತು. 1980ರ ದಶಕದ ಕೊನೆಯ ವರ್ಷಗಳಿಂದೀಚೆಗೆ ಹೊಸ ಕಾಲೇಜುಗಳಿಗೆ ಅನುದಾನ ದೊರೆಯುವುದು ಬಹುಮಟ್ಟಿಗೆ ನಿಂತುಹೋಯಿತು. ಅನುದಾನಿತ ಕಾಲೇಜುಗಳಲ್ಲಿಯೂ ನಿವೃತ್ತರಾದವರ ಸ್ಥಾನಗಳು ಸಕಾಲದಲ್ಲಿ ತುಂಬದೆ ಉಳಿದವು. ಇತ್ತ ವೃತ್ತಿಶಿಕ್ಷಣದಲ್ಲಿ ಪ್ರವೇಶದ ಕಾಣಿಕೆಯ ಪಿಡುಗು ಬೆಳೆದು, 1984ರಲ್ಲಿ ರಾಜ್ಯವು ಅದನ್ನು ನಿಷೇಧಿಸುವ ಕಾಯಿದೆ ಮಾಡಬೇಕಾಯಿತು. ಮೋಹಿನಿ ಜೈನ್ ಎಂಬ ವಿದ್ಯಾರ್ಥಿನಿ ಕರ್ನಾಟಕ ರಾಜ್ಯದ ವಿರುದ್ಧ ಹೂಡಿದ್ದ ಮೊಕದ್ದಮೆಯಲ್ಲಿ 1992ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇಂಥ ಕಾಣಿಕೆಯನ್ನು ಕಾನೂನುಬಾಹಿರವೆಂದು ಸಾರಿತು. 2002ರ ಟಿ.ಎಂ.ಎ. ಪೈ ಪ್ರತಿಷ್ಠಾನದ ತೀರ್ಪು ಅನುದಾನರಹಿತ ಸಂಸ್ಥೆಗಳ ಆಡಳಿತಸ್ವಾತಂತ್ರ್ಯವನ್ನು ಎತ್ತಿಹಿಡಿಯಿತಾದರೂ ಲಾಭಕೋರತನವನ್ನು ಒಪ್ಪಲಿಲ್ಲ. ಧರ್ಮಕಾರ್ಯವಾಗಿ ಆರಂಭವಾದ ವಿದ್ಯಾದಾನವು ಎಲ್ಲಿ ವ್ಯಾಪಾರವಾಗುತ್ತದೆ ಎಂಬ ಪ್ರಶ್ನೆ ನ್ಯಾಯಾಲಯದಿಂದ ಹೊರಗೆ, ಪ್ರತಿಯೊಂದು ಆಡಳಿತ ಮಂಡಲಿಯ ಅಂತರಂಗದಲ್ಲಿಯೂ ಉತ್ತರ ಪಡೆಯಬೇಕಾದದ್ದು.

ವಿಸ್ತಾರ ಮತ್ತು ಅಸಮತೆ

ಸಂಖ್ಯೆಯ ದೃಷ್ಟಿಯಿಂದ ನಾಡು ಸಾಧಿಸಿರುವುದು ಅಲ್ಪವಲ್ಲ. ಕೇಂದ್ರ ಸರ್ಕಾರದ 2021-22ರ ಉನ್ನತ ಶಿಕ್ಷಣ ಸಮೀಕ್ಷೆಯಂತೆ, ಹದಿನೆಂಟರಿಂದ ಇಪ್ಪತ್ತಮೂರು ವರ್ಷದೊಳಗಿನವರ ಸಂಖ್ಯೆಗೆ ಹೋಲಿಸಿದರೆ ಉನ್ನತ ಶಿಕ್ಷಣದಲ್ಲಿರುವವರ ಪ್ರಮಾಣ ದೇಶದಲ್ಲಿ ನೂರಕ್ಕೆ 28.4, ಕರ್ನಾಟಕದಲ್ಲಿ 36.2. ಒಂದು ಕಾಲದಲ್ಲಿ ವಿರಳವಾಗಿದ್ದ ವಿದ್ಯಾರ್ಥಿನಿಯರ ಪ್ರಮಾಣ ದೇಶದಲ್ಲಿ ವಿದ್ಯಾರ್ಥಿಗಳ ಪ್ರಮಾಣವನ್ನು ಸರಿಗಟ್ಟಿದೆ. ಅದೇ ಸಮೀಕ್ಷೆ ತಿಳಿಸುವಂತೆ ಆ ವಯಸ್ಸಿನ ಒಂದು ಲಕ್ಷ ಜನಕ್ಕೆ ಕರ್ನಾಟಕದಲ್ಲಿ 66 ಕಾಲೇಜುಗಳಿದ್ದವು. ರಾಜ್ಯಗಳಲ್ಲಿ ಇದು ಅತ್ಯಧಿಕ.

ಆದರೆ ಸರಾಸರಿಯ ಲೆಕ್ಕ ಅಸಮತೆಯನ್ನು ಮುಚ್ಚಿಡುತ್ತದೆ. ರಾಜ್ಯದ 4,430 ಕಾಲೇಜುಗಳಲ್ಲಿ 1,106 ಕಾಲೇಜುಗಳು ಬೆಂಗಳೂರು ನಗರ ಜಿಲ್ಲೆಯೊಂದರಲ್ಲಿಯೇ ಇದ್ದವು. ಎಂದರೆ ನಾಲ್ಕರಲ್ಲಿ ಒಂದು. ದೇಶದ ಬೇರೆ ಯಾವ ಜಿಲ್ಲೆಯಲ್ಲಿಯೂ ಅಷ್ಟು ಕಾಲೇಜುಗಳಿರಲಿಲ್ಲ. ಇನ್ನೊಂದು ಕಡೆ, ಡಾ. ಡಿ.ಎಂ. ನಂಜುಂಡಪ್ಪನವರ ಸಮಿತಿಯು 2002ರಲ್ಲಿ ರಾಜ್ಯದ ಅಂದಿನ 175 ತಾಲ್ಲೂಕುಗಳಲ್ಲಿ 114ನ್ನು ಹಿಂದುಳಿದವೆಂದು ಗುರುತಿಸಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಈ 39ರಲ್ಲಿ 21 ಅಂದಿನ ಗುಲಬರ್ಗಾ ವಿಭಾಗದಲ್ಲಿದ್ದವು. ಇಂಥ ತಾಲ್ಲೂಕಿನ ವಿದ್ಯಾರ್ಥಿಗೆ ಸಮೀಪದ ಸರ್ಕಾರಿ ಕಾಲೇಜೊಂದೇ ಗತಿ. ಅಲ್ಲಿ ಭೌತವಿಜ್ಞಾನದ ತರಗತಿ ಇಲ್ಲದಿದ್ದರೆ ಅವನು ಇತಿಹಾಸವನ್ನು ಓದುತ್ತಾನೆ; ಅವನ ಅಭಿರುಚಿ ಏನೆಂದು ಕೇಳುವವರಿಲ್ಲ. ಹೆಣ್ಣುಮಗಳಾದರೆ ಬಸ್ಸಿನ ವೇಳೆಯೂ ಅವಳ ವಿದ್ಯೆಯನ್ನು ನಿರ್ಣಯಿಸುತ್ತದೆ.

ಪರೀಕ್ಷೆಯ ಆಳ್ವಿಕೆ

ಸಂಯೋಜಿತ ಕಾಲೇಜಿನ ಒಳಗೆ ನಡೆಯುವ ಕಾರ್ಯವನ್ನು ನೋಡಿದರೆ ಪದ್ಧತಿಯ ಮೂಲದೋಷ ಸ್ಪಷ್ಟವಾಗುತ್ತದೆ. ಪಠ್ಯಕ್ರಮವನ್ನು ರಚಿಸುವುದು ವಿಶ್ವವಿದ್ಯಾನಿಲಯದ ಅಧ್ಯಯನ ಮಂಡಲಿ. ಪ್ರಶ್ನೆಪತ್ರಿಕೆ ಸಿದ್ಧವಾಗುವುದು ಪರೀಕ್ಷಾಂಗ ಕುಲಸಚಿವರ ಕಚೇರಿಯ ಮೂಲಕ. ಉತ್ತರಪತ್ರಿಕೆಗಳ ಮೌಲ್ಯಮಾಪನ ಬೇರೊಂದು ಊರಿನ ಕೇಂದ್ರದಲ್ಲಿ. ಕಾಲೇಜಿನ ಅಧ್ಯಾಪಕನಿಗೆ ಉಳಿಯುವುದು ನಿಗದಿಯಾದ ಪಾಠವನ್ನು ನಿಗದಿಯಾದ ಕಾಲದಲ್ಲಿ ಮುಗಿಸುವ ಕೆಲಸ. ವರ್ಷಕ್ಕೆ ಎರಡು ಷಣ್ಮಾಸಗಳಾದ ಮೇಲೆ ಪ್ರವೇಶ, ಆಂತರಿಕ ಪರೀಕ್ಷೆ, ಪ್ರಾಯೋಗಿಕ ಪರೀಕ್ಷೆ, ಅಂತಿಮ ಪರೀಕ್ಷೆ, ಮೌಲ್ಯಮಾಪನ ಇವುಗಳ ನಡುವೆ ಬೋಧನೆಗೆ ದೊರೆಯುವ ವಾರಗಳು ಕೆಲವೇ. ಫಲಿತಾಂಶ ತಡವಾದರೆ ಅದರ ಹೊಡೆತ ನೇರವಾಗಿ ವಿದ್ಯಾರ್ಥಿಗೆ. ಅಂಕಪಟ್ಟಿ ಕೈಗೆ ಬರುವ ಮೊದಲೇ ಬೇರೆಡೆಯ ಸ್ನಾತಕೋತ್ತರ ಪ್ರವೇಶದ ಅವಧಿ ಮುಗಿದುಹೋಗಬಹುದು.

ಸಾಹಿತ್ಯದ ವಿದ್ಯಾರ್ಥಿಗೆ ಇದರಿಂದ ಆಗುವ ನಷ್ಟ ವಿಶೇಷವಾದದ್ದು. ಹಳಗನ್ನಡದ ಕಾವ್ಯಭಾಗವೊಂದು ಪಠ್ಯದಲ್ಲಿದೆಯೆನ್ನೋಣ. ಅದನ್ನು ಗಟ್ಟಿಯಾಗಿ ಓದಿ, ಛಂದಸ್ಸನ್ನು ಕಿವಿಗೆ ಹಿಡಿಸಿ, ಪದವಿಭಾಗ ಮಾಡಿ, ಅನ್ವಯಿಸಿ, ಅರ್ಥದ ಪದರಗಳನ್ನು ಬಿಡಿಸುವುದಕ್ಕೆ ದಿನಗಳು ಬೇಕು. ಪರೀಕ್ಷೆ ಬಯಸುವುದು ಕವಿಯ ಕಾಲ, ಆಶ್ರಯದಾತ, ಕಥಾಸಾರಾಂಶ, ಒಂದೆರಡು ಸಂದರ್ಭ ವಿವರಣೆ. ಅಂಗಡಿಯಲ್ಲಿ ದೊರೆಯುವ ಮಾರ್ಗದರ್ಶಿಯಲ್ಲಿ ಇದೆಲ್ಲ ಸಿದ್ಧವಾಗಿರುವಾಗ ಮೂಲಗ್ರಂಥವನ್ನು ತೆರೆಯುವ ಪ್ರಯೋಜನವೇನು ಎಂದು ವಿದ್ಯಾರ್ಥಿ ಕೇಳಿದರೆ ತಪ್ಪು ಅವನದಲ್ಲ. ಕಾವ್ಯವನ್ನು ಓದದೆಯೇ ಕನ್ನಡದಲ್ಲಿ ಪದವೀಧರನಾಗಬಹುದಾದ ವ್ಯವಸ್ಥೆಯು ಹತ್ತು ವರ್ಷಗಳ ಬಳಿಕ ಕಾವ್ಯವನ್ನು ಓದದ ಅಧ್ಯಾಪಕನನ್ನು ಶಾಲೆಗೆ ಕಳುಹಿಸುತ್ತದೆ.

ಅಧ್ಯಾಪಕನ ಸ್ಥಿತಿ

ಎಲ್ಲಕ್ಕಿಂತ ಗಂಭೀರವಾದ ಸಮಸ್ಯೆ ಅಧ್ಯಾಪಕನದು. ಕರ್ನಾಟಕದ ನಾನೂರಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಹತ್ತು ಸಾವಿರಕ್ಕೂ ಮಿಕ್ಕ ಅತಿಥಿ ಉಪನ್ಯಾಸಕರು ದುಡಿಯುತ್ತ ಬಂದಿದ್ದಾರೆ. ಖಾಯಂ ಅಧ್ಯಾಪಕರಿಗಿಂತ ಅವರ ಸಂಖ್ಯೆಯೇ ಹೆಚ್ಚು. 'ಅತಿಥಿ' ಎಂಬ ಪದ ಇಲ್ಲಿ ತನ್ನ ಅರ್ಥವನ್ನು ಕಳೆದುಕೊಂಡಿದೆ. ಹತ್ತು ಹದಿನೈದು ವರ್ಷ ಒಂದೇ ಮನೆಯ ಭಾರವನ್ನು ಹೊತ್ತವನನ್ನು ಯಾರೂ ಅತಿಥಿಯೆನ್ನುವುದಿಲ್ಲ. ವಿಶ್ವವಿದ್ಯಾನಿಲಯ ಅನುದಾನ ಆಯೋಗದ 2018ರ ನಿಯಮಗಳು ಒಪ್ಪಂದದ ಅಧ್ಯಾಪಕರ ಪ್ರಮಾಣ ಒಟ್ಟು ಹುದ್ದೆಗಳ ನೂರಕ್ಕೆ ಹತ್ತನ್ನು ಮೀರಬಾರದೆಂದು ವಿಧಿಸಿದ್ದವು. ನಿಯಮಕ್ಕೂ ವಾಸ್ತವಕ್ಕೂ ಇರುವ ಅಂತರವನ್ನು ಇದರಿಂದ ಊಹಿಸಬಹುದು.

2021ರ ಡಿಸೆಂಬರಿನಿಂದ ಈ ಉಪನ್ಯಾಸಕರು ತರಗತಿಗಳನ್ನು ಬಹಿಷ್ಕರಿಸಿ ಸೇವಾಭದ್ರತೆಗಾಗಿ ಹೋರಾಡಿದರು. 2022ರ ಜನವರಿಯಲ್ಲಿ ಸರ್ಕಾರವು ಅರ್ಹತೆ ಮತ್ತು ಅನುಭವಗಳಿಗೆ ಅನುಸಾರವಾಗಿ ಗೌರವಧನವನ್ನು ಹೆಚ್ಚಿಸಿ, ಗರಿಷ್ಠ ಮಾಸಿಕ 32,000 ರೂಪಾಯಿಗಳಿಗೆ ಏರಿಸಿತು. ಅದರೊಡನೆ ವಾರದ ಕಾರ್ಯಭಾರವನ್ನೂ ಹದಿನೈದು ಗಂಟೆಗಳಿಗೆ ಹೆಚ್ಚಿಸಿತು. ಒಬ್ಬನಿಗೆ ಹೆಚ್ಚು ಗಂಟೆಗಳು ದೊರೆತಾಗ ಇನ್ನೊಬ್ಬನಿಗೆ ಗಂಟೆಗಳೇ ಇಲ್ಲವಾದವು. 2023ರ ಕೊನೆಯಲ್ಲಿ ಮತ್ತೆ ಮುಷ್ಕರ ನಡೆದು, 2024ರ ಆರಂಭದಲ್ಲಿ ಗೌರವಧನ ಮತ್ತಷ್ಟು ಏರಿತು. ಸೇವೆಯ ಅನಿಶ್ಚಿತತೆ ಮಾತ್ರ ತೀರಲಿಲ್ಲ. ಖಾಯಂ ನೇಮಕದ ಗತಿಯಾದರೋ ನಿಧಾನ. 1,242 ಸಹಾಯಕ ಪ್ರಾಧ್ಯಾಪಕ ಹುದ್ದೆಗಳಿಗೆ 2021ರಲ್ಲಿ ಪ್ರಕಟಣೆ ಹೊರಟಿತು. 2022ರ ಮಾರ್ಚಿನಲ್ಲಿ ಪರೀಕ್ಷೆ ನಡೆಯಿತು. ಆಯ್ಕೆಯಾದವರು ತರಗತಿಗೆ ಬರುವುದಕ್ಕೆ ಮತ್ತೆ ಬಹುಕಾಲ ಹಿಡಿಯಿತು.

ಇದು ಕೇವಲ ನೌಕರರ ಹಿತದ ಪ್ರಶ್ನೆಯಲ್ಲ. ಮುಂದಿನ ವರ್ಷ ತಾನು ಇದೇ ಕಾಲೇಜಿನಲ್ಲಿ ಇರುವೆನೋ ಇಲ್ಲವೋ ಎಂದು ತಿಳಿಯದ ಅಧ್ಯಾಪಕನು ಗ್ರಂಥಾಲಯವನ್ನು ಬೆಳೆಸುವ ಯೋಜನೆ ಹಾಕಲಾರ. ವಿದ್ಯಾರ್ಥಿಯೊಬ್ಬನನ್ನು ಮೂರು ವರ್ಷ ಹಿಂಬಾಲಿಸಿ ತಿದ್ದಲಾರ. ಗುರುಶಿಷ್ಯ ಸಂಬಂಧಕ್ಕೆ ಕಾಲದ ಭರವಸೆ ಬೇಕು.

ಬೋಧನಭಾಷೆ

ಕುವೆಂಪು ಅವರು 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದಾಗ ಮಾನಸಗಂಗೋತ್ರಿಯನ್ನು ರೂಪಿಸಿದರು. ಉನ್ನತ ಶಿಕ್ಷಣವು ಕನ್ನಡದಲ್ಲಿ ನಡೆಯಬೇಕೆಂದು ದೃಢವಾಗಿ ಪ್ರತಿಪಾದಿಸಿದರು. ಮೈಸೂರು ಮತ್ತು ಧಾರವಾಡಗಳ ಪ್ರಸಾರಾಂಗಗಳು ನಾನಾ ಶಾಸ್ತ್ರಗಳ ಗ್ರಂಥಗಳನ್ನು ಕನ್ನಡದಲ್ಲಿ ಹೊರತಂದವು. 1991ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾನಿಲಯವು ಸಂಶೋಧನೆಯೇ ಮುಖ್ಯೋದ್ದೇಶವಾಗಿ ಸ್ಥಾಪಿತವಾಯಿತು. ಇಷ್ಟಾದರೂ ವಿಜ್ಞಾನ, ತಂತ್ರಜ್ಞಾನ, ವೈದ್ಯಗಳಲ್ಲಿ ಕನ್ನಡ ಬೇರೂರಲಿಲ್ಲ. 2021ರಲ್ಲಿ ತಾಂತ್ರಿಕ ಶಿಕ್ಷಣ ಪರಿಷತ್ತು ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಎಂಜಿನಿಯರಿಂಗ್ ಬೋಧನೆಗೆ ಅನುಮತಿ ನೀಡಿದಾಗ ವಿದ್ಯಾರ್ಥಿಗಳು ನಿರೀಕ್ಷೆಯ ಪ್ರಮಾಣದಲ್ಲಿ ಮುಂದೆ ಬರಲಿಲ್ಲ. ಉದ್ಯೋಗ ದೊರೆಯುವ ಭಾಷೆ ಬೇರೆಯಾಗಿರುವಾಗ ಇದು ಆಶ್ಚರ್ಯವಲ್ಲ. ಅದೇ ವರ್ಷ ಪದವಿ ತರಗತಿಗಳಲ್ಲಿ ಕನ್ನಡವನ್ನು ಒಂದು ವಿಷಯವಾಗಿ ಕಡ್ಡಾಯಗೊಳಿಸಿದ ಆದೇಶವನ್ನು 2022ರ ಏಪ್ರಿಲಿನಲ್ಲಿ ಉಚ್ಚ ನ್ಯಾಯಾಲಯವು ಮಧ್ಯಂತರ ಆದೇಶದಿಂದ ತಡೆಹಿಡಿಯಿತು.

ಆದೇಶದಿಂದ ಆಗದ ಕಾರ್ಯ ಗ್ರಂಥದಿಂದ ಆಗಬಹುದು. ಕನ್ನಡ ಮಾಧ್ಯಮದಿಂದ ಬಂದ ವಿದ್ಯಾರ್ಥಿ ಪದವಿಯ ಮೊದಲ ಷಣ್ಮಾಸದಲ್ಲಿಯೇ ಸೋಲುವುದು ಬುದ್ಧಿಯ ಕೊರತೆಯಿಂದಲ್ಲ, ಭಾಷೆಯ ಗೋಡೆಯಿಂದ. ಅರ್ಥಶಾಸ್ತ್ರ, ರಸಾಯನ, ಗಣಿತಗಳಲ್ಲಿ ಎರಡೂ ಭಾಷೆಗಳ ಪರಿಭಾಷೆಯನ್ನು ಎದುರುಬದುರಾಗಿ ಕೊಡುವ ಇಂದಿನ ಪಠ್ಯಗ್ರಂಥಗಳು ಸಿದ್ಧವಾದರೆ, ಕನ್ನಡವು ಇಂಗ್ಲಿಷಿನ ಜ್ಞಾನಕ್ಕೆ ಏರುವ ಮೆಟ್ಟಿಲಾಗುತ್ತದೆ. ಆ ಬಳಿಕ ತನ್ನ ಕಾಲ ಮೇಲೆ ತಾನೇ ನಿಲ್ಲುತ್ತದೆ.

ನೀತಿಗಳ ಗತಿ

ಈ ಸಮಸ್ಯೆಗಳು ನೀತಿಕಾರರಿಗೆ ತಿಳಿಯದವೇನಲ್ಲ. 1964ರಿಂದ 66ರವರೆಗೆ ಕಾರ್ಯಮಾಡಿದ ಕೊಠಾರಿ ಆಯೋಗವು ಉತ್ತಮ ಕಾಲೇಜುಗಳಿಗೆ ಸ್ವಾಯತ್ತತೆ ನೀಡಬೇಕೆಂದೂ, ರಾಷ್ಟ್ರೀಯ ವರಮಾನದ ನೂರಕ್ಕೆ ಆರರಷ್ಟನ್ನು ಶಿಕ್ಷಣಕ್ಕೆ ವೆಚ್ಚಮಾಡಬೇಕೆಂದೂ ಹೇಳಿತು. 1986ರ ರಾಷ್ಟ್ರೀಯ ನೀತಿ ಸ್ವಾಯತ್ತ ಕಾಲೇಜುಗಳ ಮಾತನ್ನು ಪುನರುಚ್ಚರಿಸಿತು. ಏಳನೆಯ ಯೋಜನೆಯ ಅವಧಿಯಲ್ಲಿ ಅಂಥ ಐನೂರು ಕಾಲೇಜುಗಳ ಗುರಿಯಿತ್ತು. ದೇಶದಲ್ಲಿ ಅವುಗಳ ಸಂಖ್ಯೆ ಸಾವಿರದ ಗಡಿಯನ್ನು ಮುಟ್ಟಿದ್ದು ತೀರ ಈಚಿನ ವರ್ಷಗಳಲ್ಲಿ. ನಲವತ್ತೈದು ಸಾವಿರಕ್ಕೂ ಹೆಚ್ಚು ಕಾಲೇಜುಗಳಿರುವ ದೇಶದಲ್ಲಿ ಇದು ಅತ್ಯಲ್ಪ. ನೂರಕ್ಕೆ ಆರರ ಗುರಿಯಂತೂ ಈವರೆಗೆ ಕೈಗೂಡಿಲ್ಲ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಇನ್ನೂ ಮುಂದೆ ಹೋಗಿ, ಹದಿನೈದು ವರ್ಷಗಳಲ್ಲಿ ಸಂಯೋಜನ ಪದ್ಧತಿಯನ್ನೇ ಹಂತಹಂತವಾಗಿ ತೆಗೆದುಹಾಕಬೇಕೆಂದಿತು. 2035ರ ವೇಳೆಗೆ ದಾಖಲಾತಿಯ ಪ್ರಮಾಣ ನೂರಕ್ಕೆ ಐವತ್ತಕ್ಕೆ ಏರಬೇಕೆಂದಿತು. ಕರ್ನಾಟಕವು 2021-22ರಲ್ಲಿಯೇ ಅದನ್ನು ಪದವಿ ತರಗತಿಗಳಲ್ಲಿ ಜಾರಿಗೆ ತಂದು ನಾಲ್ಕು ವರ್ಷದ ಪದವಿಯನ್ನು ಆರಂಭಿಸಿತು. ಸರ್ಕಾರ ಬದಲಾದ ಮೇಲೆ 2023ರಲ್ಲಿ ರಾಜ್ಯದ್ದೇ ಆದ ನೀತಿಗಾಗಿ ಪ್ರೊ. ಸುಖದೇವ ಥೋರಟ್ ಅವರ ಅಧ್ಯಕ್ಷತೆಯಲ್ಲಿ ಆಯೋಗ ನೇಮಕವಾಯಿತು. 2024ರಲ್ಲಿ ಮೂರು ವರ್ಷದ ಪದವಿ ಮರಳಿ ಬಂದಿತು. 2025ರ ಆಗಸ್ಟಿನಲ್ಲಿ ಆಯೋಗವು ವರದಿಯನ್ನು ಸಲ್ಲಿಸಿತು. ಶಿಕ್ಷಣವು 1976ರ ತಿದ್ದುಪಡಿಯಿಂದ ಸಮವರ್ತಿ ಪಟ್ಟಿಗೆ ಸೇರಿದುದರಿಂದ ಕೇಂದ್ರ ರಾಜ್ಯಗಳೆರಡಕ್ಕೂ ಇಲ್ಲಿ ಅಧಿಕಾರವಿದೆ. ಎರಡು ಪಕ್ಷಗಳ ವಾದಗಳಲ್ಲಿಯೂ ತಥ್ಯವಿರಬಹುದು. ಆದರೆ ಮೂರು ವರ್ಷಗಳಲ್ಲಿ ಎರಡು ಬಾರಿ ಬದಲಾದ ವ್ಯವಸ್ಥೆಯ ಭಾರ ಬಿದ್ದದ್ದು ಒಂದೇ ಕಾಲೇಜಿನಲ್ಲಿ, ಒಬ್ಬನೇ ಅಧ್ಯಾಪಕನು ಏಕಕಾಲಕ್ಕೆ ಎರಡು ಪಠ್ಯಕ್ರಮಗಳನ್ನು ಬೋಧಿಸಬೇಕಾದಾಗ.

ಹೊಸ ವಿಶ್ವವಿದ್ಯಾನಿಲಯಗಳ ಅನುಭವವೂ ಬೋಧಪ್ರದವಾಗಿದೆ. 2022ರ ತಿದ್ದುಪಡಿಯಿಂದ ಬೀದರ, ಹಾವೇರಿ, ಕೊಪ್ಪಳ, ಬಾಗಲಕೋಟೆ, ಹಾಸನ, ಕೊಡಗು, ಚಾಮರಾಜನಗರಗಳಿಗೆ ಪ್ರತ್ಯೇಕ ವಿಶ್ವವಿದ್ಯಾನಿಲಯಗಳು ಬಂದು 2023ರಲ್ಲಿ ಉದ್ಘಾಟನೆಗೊಂಡವು. ಹಣವೂ ಹುದ್ದೆಗಳೂ ಸಾಕಷ್ಟು ದೊರೆಯದೆ, ಎರಡೇ ವರ್ಷಗಳಲ್ಲಿ, 2025ರಲ್ಲಿ, ಅವುಗಳಲ್ಲಿ ಹಲವನ್ನು ಮಾತೃಸಂಸ್ಥೆಗಳೊಡನೆ ವಿಲೀನಗೊಳಿಸುವ ವಿಚಾರ ಸರ್ಕಾರದ ಮುಂದೆ ಬಂದಿತು. ಹೆಸರು, ಲಾಂಛನ, ಕುಲಪತಿ ಇಷ್ಟರಿಂದಲೇ ವಿಶ್ವವಿದ್ಯಾನಿಲಯವಾಗದೆಂಬುದಕ್ಕೆ ಬೇರೆ ನಿದರ್ಶನ ಬೇಡ.

ಮುಂದಿನ ದಾರಿ

ಮೇಲಿನ ವಿವೇಚನೆಯಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಆಯೋಗಗಳೂ ನೀತಿಗಳೂ ವಿಶ್ವವಿದ್ಯಾನಿಲಯವನ್ನು ಕೇಂದ್ರದಲ್ಲಿಟ್ಟು ಯೋಚಿಸಿವೆ. ವಿದ್ಯಾರ್ಥಿ ಇರುವುದು ಕಾಲೇಜಿನಲ್ಲಿ. ಸುಧಾರಣೆ ಆರಂಭವಾಗಬೇಕಾದದ್ದು ಅಲ್ಲಿಂದ.

ಮೊದಲನೆಯದಾಗಿ, ಖಾಯಂ ಹುದ್ದೆಗಳನ್ನು ವರ್ಷವರ್ಷವೂ ತಪ್ಪದೆ ತುಂಬುವ ಕ್ರಮ ಬೇಕು. ದಶಕಕ್ಕೊಮ್ಮೆ ಸಾವಿರ ಜನರನ್ನು ಆರಿಸುವುದಕ್ಕಿಂತ ಪ್ರತಿವರ್ಷ ನೂರು ಜನರನ್ನು ಆರಿಸುವುದು ಲೇಸು. ಆಗ ಪ್ರತಿಭಾವಂತ ತರುಣರು ಕಾದು ಬೇಸತ್ತು ಬೇರೆ ದಾರಿ ಹಿಡಿಯುವುದಿಲ್ಲ. ಎರಡನೆಯದಾಗಿ, ಸ್ವಾಯತ್ತತೆಯನ್ನು ಸ್ಥಿತಿವಂತ ಕಾಲೇಜುಗಳ ಬಿರುದಾಗಿ ಉಳಿಸದೆ ಕ್ರಮೇಣ ಎಲ್ಲೆಡೆಗೆ ಹಬ್ಬಿಸಬೇಕು. ಒಮ್ಮೆಗೇ ಪೂರ್ಣಾಧಿಕಾರ ಕೊಟ್ಟರೆ ದುರ್ಬಲ ಕಾಲೇಜಿನಲ್ಲಿ ಪದವಿಯ ಬೆಲೆ ಕುಸಿಯಬಹುದು, ಆಡಳಿತ ಮಂಡಲಿಯ ಇಚ್ಛೆಯೇ ಪರೀಕ್ಷೆಯನ್ನು ಆಳಬಹುದು ಎಂಬ ಶಂಕೆ ನಿರಾಧಾರವಲ್ಲ. ಆದುದರಿಂದ ಆರಂಭದಲ್ಲಿ ಪ್ರತಿ ವಿಷಯದ ಒಂದೆರಡು ಪತ್ರಿಕೆಗಳ ಪಠ್ಯ ಮತ್ತು ಪರೀಕ್ಷೆಗಳನ್ನು ಕಾಲೇಜಿನ ಅಧ್ಯಾಪಕರಿಗೆ ಬಿಟ್ಟು, ಅದರ ಫಲವನ್ನು ನೋಡಿ ಮುಂದುವರಿಯುವುದು ಸುರಕ್ಷಿತ ಮಾರ್ಗ. ಒಂದೇ ತಾಲ್ಲೂಕಿನ ಎರಡು ಮೂರು ಸಣ್ಣ ಕಾಲೇಜುಗಳು ಗ್ರಂಥಾಲಯ, ಪ್ರಯೋಗಶಾಲೆ, ಅಧ್ಯಾಪಕರನ್ನು ಹಂಚಿಕೊಂಡರೆ ವಿದ್ಯಾರ್ಥಿಯ ಆಯ್ಕೆಯೂ ಹಿಗ್ಗುತ್ತದೆ. ಮೂರನೆಯದಾಗಿ, ಯಾವ ಪಕ್ಷದ ಸರ್ಕಾರವೇ ಬರಲಿ, ಪದವಿಯ ಅವಧಿ ಮತ್ತು ಸ್ವರೂಪಗಳು ಕನಿಷ್ಠ ಒಂದು ದಶಕ ಸ್ಥಿರವಾಗಿರಬೇಕು. ನಾಲ್ಕನೆಯದಾಗಿ, ಹಿಂದುಳಿದ ತಾಲ್ಲೂಕುಗಳಲ್ಲಿ ಹೊಸ ಕಟ್ಟಡಕ್ಕಿಂತ ಮೊದಲು ವಿದ್ಯಾರ್ಥಿನಿಲಯಕ್ಕೆ, ವಿಶೇಷವಾಗಿ ವಿದ್ಯಾರ್ಥಿನಿಯರ ನಿಲಯಕ್ಕೆ, ಹಣ ಸಲ್ಲಬೇಕು.

ಸರ್ಕಾರದ ಹೊಣೆಯನ್ನು ಸಮಾಜ ಹೊತ್ತುಕೊಳ್ಳಲಾರದು. ಆದರೆ ಸಮಾಜಕ್ಕೆ ತನ್ನದೇ ಆದ ಹೊಣೆಯಿದೆ. ಒಂದು ನೂರು ವರ್ಷಗಳ ಹಿಂದೆ ಊಟ ವಸತಿಗಳನ್ನೂ ಕಟ್ಟಡಗಳನ್ನೂ ಒದಗಿಸಿದ ಸಂಸ್ಥೆಗಳ ಮುಂದೆ ಇಂದು ಇರುವ ಕಾರ್ಯ ಬೇರೆ. ಯೋಗ್ಯ ಅಧ್ಯಾಪಕನಿಗೆ ಯೋಗ್ಯ ವೇತನ ಕೊಡುವುದು, ಗ್ರಂಥಾಲಯವನ್ನು ಸಂಜೆಯಾದ ಮೇಲೂ ತೆರೆದಿಡುವುದು, ಪರೀಕ್ಷೆಗೆ ಬೇಡವಾದರೂ ಮೂಲಕಾವ್ಯವನ್ನು ಕೂಡಿ ಓದುವ ವಾರದ ಗೋಷ್ಠಿಯೊಂದನ್ನು ನಡೆಸುವುದು: ಇವುಗಳಿಗೆ ಯಾವ ಆಯೋಗದ ಅನುಮತಿಯೂ ಬೇಕಿಲ್ಲ. ತಾಲ್ಲೂಕಿನ ಕಾಲೇಜೊಂದರಲ್ಲಿ ನಿಶ್ಚಿಂತನಾದ ಅಧ್ಯಾಪಕನೊಬ್ಬನು ಹಸಿವು ನೀಗಿದ ವಿದ್ಯಾರ್ಥಿಯೊಬ್ಬನ ಮುಂದೆ ಗ್ರಂಥವನ್ನು ತೆರೆದು ಕುಳಿತಾಗ ಅಲ್ಲಿ ಉನ್ನತ ಶಿಕ್ಷಣ ನಡೆಯುತ್ತದೆ. ನಾಡಿನ ನೀತಿಯೆಲ್ಲವೂ ಆ ಸನ್ನಿವೇಶವನ್ನು ಪ್ರತಿ ತಾಲ್ಲೂಕಿನಲ್ಲಿಯೂ ಸಾಧ್ಯವಾಗಿಸುವುದಕ್ಕೆ ದುಡಿಯಬೇಕು.